ನಾಲ್ಕು ಬೆರಳಿನ ಲೆಕ್ಕ

ತೊಗರಿ ರಾಶಿ ಮುಗಿದ ಮೇಲೆ ಕಲಬುರಗಿ ಕಡೆ ಸೊಂಟ ಹಿಡಿದುಕೊಂಡವರು ಅಕ್ಯುಪಂಕ್ಚರ್ (ಮೈಯ ಗೊತ್ತಾದ ಬಿಂದುಗಳಿಗೆ ತೆಳು ಸೂಜಿ ಚುಚ್ಚುವ ಚೀನೀ ಚಿಕಿತ್ಸೆ) ಬಗ್ಗೆ ಕೇಳುವ ಮಾತು: "ಸೂಜಿ ಚುಚ್ಚಿಸಿಕೊಂಡ್ರ ಖರೇನೇ ಕಮ್ಮಿ ಆಗ್ತದೇನ್ರಿ?"

ಜರ್ಮನಿಯಲ್ಲಿ 1162 ಮಂದಿ ಹಳೇ ಸೊಂಟನೋವಿನವರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅರ್ಧರ್ಧ ಗಂಟೆಯ 10 ಚಿಕಿತ್ಸೆ. ಆರು ತಿಂಗಳಿಗೆ ಸುಧಾರಿಸಿದವರು ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಹೋಲಿಕೆಗೆಂದು ಬಿಂದು ಅಲ್ಲದ ಕಡೆ ಮೇಲೆಮೇಲೆ ಹುಸಿಯಾಗಿ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಗುಳಿಗೆ-ವ್ಯಾಯಾಮದವರಲ್ಲಿ ಶೇ. 27.4. ಉಪಯೋಗ ಆಗಿದೆ, ಆದರೆ ಬಿಂದುವಿನ ಪಾಲು ಅದರಲ್ಲಿ ಬಹಳ ಸಣ್ಣದು. ನನಗೆ ಈ ಎರಡನೇ ಅಂಕಿಯೇ ಮುಖ್ಯ. ಹುಸಿ ಚುಚ್ಚೂ ಪೂರ್ತಿ ಹುಸಿ ಅಲ್ಲ. ಚರ್ಮಕ್ಕೆ ತಾಗುತ್ತದೆ, ಅರ್ಧ ಗಂಟೆ ಒಬ್ಬರು ಗಮನ ಕೊಡುತ್ತಾರೆ.

ಬಿಂದು ಹುಡುಕುವ ಅಳತೆ ತಪ್ಪುವುದೂ ಉಂಟು, ಒಂದು ಉದಾಹರಣೆ ನೋಡಿ. ಮೊಣಕಾಲು ಮಡಚಿ, ಚಿಪ್ಪಿನ ಕೆಳಗೆ ಹೊರಮಗ್ಗುಲ ತಗ್ಗಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಎಲುಬಿನ ಅಂಚಿನಿಂದ ಒಂದು ಬೆರಳು ಹೊರಗೆ: ಅದೇ ಚೀನೀ ಹೆಸರಿನ ಜೂಸಾನ್ಲಿ ಬಿಂದು. ಬೆರಳು ರೋಗಿಯವೇ ಆಗಬೇಕು. ದಪ್ಪ ಕೈಯ ಚಿಕಿತ್ಸಕ ತನ್ನ ಬೆರಳಿಟ್ಟರೆ ಸಣ್ಣ ಕಾಲಿನ ಅಜ್ಜಿಗೆ ಬಿಂದು ಕೆಳಕ್ಕೆ ಜಾರುತ್ತದೆ. ಯಾವುದೇ ಅಧ್ಯಯನದ ವರದಿಯಲ್ಲಿ ಸೂಜಿಯ ದಪ್ಪ, ಆಳ, ಎಷ್ಟು ಹೊತ್ತು ಬಿಟ್ಟರು ಎಂಬುದಿಲ್ಲದಿದ್ದರೆ ಆ ಫಲಿತಾಂಶವನ್ನು ಮತ್ತೊಬ್ಬರು ಪರೀಕ್ಷಿಸಲಾಗದು.

ರಕ್ತ ತೆಳುವಾಗುವ ಗುಳಿಗೆ ತಿನ್ನುವವರು ಮೊದಲೇ ಹೇಳಿರಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿದ್ದರೆ ಚುಚ್ಚಿದ ಜಾಗ ಬಾತದ್ದೂ ಗೊತ್ತಾಗುವುದಿಲ್ಲ, ದಿನಾ ಕಣ್ಣಿಟ್ಟು ನೋಡಿರಿ. ಸೂಜಿ ಪ್ಯಾಕೆಟ್ ನಿಮ್ಮ ಎದುರಿಗೇ ಒಡೆಯಲಿ.