ಹುಳ ಅಂಟದ ಬಾಲ

ಜೂನ್ 15, 2025, ಭಾನುವಾರ

ಈ ವರ್ಷದ ಲೆ ಮಾನ್ಸ್ ಮುಗಿಯಿತು. ಫ್ರಾನ್ಸಿನಲ್ಲಿ ಡ್ರೈವರುಗಳು ಪಾಳಿಯ ಮೇಲೆ 24 ಗಂಟೆ ಕಾರು ಓಡಿಸುವ ರೇಸ್ ಅದು. ಗೆದ್ದಿದ್ದು ಹಳದಿ ಬಣ್ಣದ 83ನೇ ನಂಬರಿನ ಫೆರಾರಿ 499ಪಿ. ಎರಡನೆಯದು 6ನೇ ನಂಬರಿನ ಪೋರ್ಷೆ. ಅಂತರ ಬರೀ 14 ಸೆಕೆಂಡ್. 24 ಗಂಟೆ ಓಡಿದ ಮೇಲೆ 14 ಸೆಕೆಂಡ್ ಅಂದರೆ ಏನು ಹೇಳುವುದು! 2011ರ ರ‍್ಯಾಲಿ ಅಪಘಾತದಲ್ಲಿ ಬಲಗೈ ಜಜ್ಜಿಹೋಗಿ, ಇನ್ನು ಇವರ ರೇಸಿಂಗ್ ಮುಗಿಯಿತು ಅನ್ನಿಸಿಕೊಂಡಿದ್ದ ರಾಬರ್ಟ್ ಕುಬಿಕಾ ಅವರೇ ಕೊನೆಯ ಪಾಳಿಯಲ್ಲಿ ಗೆದ್ದ ಕಾರಿನ ಸ್ಟಿಯರಿಂಗ್ ಹಿಡಿದಿದ್ದರು. ನೋಡುತ್ತಾ ಕಣ್ಣು ತುಂಬಿ ಬಂತು.

ಟಿವಿ ಆರಿಸಿದರೂ ಮನಸ್ಸು ಆರಲಿಲ್ಲ. ನನ್ನ ಪುಟ್ಟ ಮಾಡೆಲ್ ಕಾರುಗಳ ಕಪಾಟಿನ ಗಾಜು ಸರಿಸಿ ಕೂತೆ. ಮೆತ್ತನೆಯ ಬ್ರಶ್‌ನಲ್ಲಿ ಧೂಳು ತೆಗೆಯುವುದು ಒಂದು ನೆಪ ಅಷ್ಟೇ. ಒಂದೊಂದು ಕಾರು ಎತ್ತಿಕೊಂಡಾಗಲೂ ಒಂದೊಂದು ವರ್ಷ ಕೈಗೆ ಬರುತ್ತದೆ.

ನನಗೆ ಒಂದು ಹಠ ಇದೆ. ಸುಮ್ನೆ 'ಪೋರ್ಷೆ 917' ಅನ್ನುವ ಮಾಡೆಲ್ ನನಗೆ ಬೇಡ. 1970ರ ಮಳೆಯಲ್ಲಿ ಓಡಿದ, 23ನೇ ನಂಬರಿನ, ಕೆಂಪು ಮೈ ಮೇಲೆ ಬಿಳಿ ಪಟ್ಟೆಯ 917 ಬೇಕು. ಯಾವ ರೇಸು, ಯಾವ ನಂಬರು, ಯಾರು ಓಡಿಸಿದರು ಅನ್ನುವುದು ಗೊತ್ತಾಗಬೇಕು. ಅದಿಲ್ಲದಿದ್ದರೆ ಅದು ಚೆಂದದ ಆಟಿಕೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ನನ್ನ ಕಪಾಟಿಗೆ ಅಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಫೋರ್ಡ್ ಜಿಟಿ40. ತಿಳಿನೀಲಿ ಮೈ, ನಡುವೆ ಕಿತ್ತಳೆ ಪಟ್ಟೆ, ಗಲ್ಫ್ ತೈಲ ಕಂಪನಿಯ ಬಣ್ಣ. ನನ್ನ ಹತ್ತಿರ ಎರಡಿವೆ. ಒಂದರ ಮೇಲೆ 9, ಇನ್ನೊಂದರ ಮೇಲೆ 6. ನೋಡಿದವರು ಒಂದೇ ಕಾರು ಎರಡು ಯಾಕೆ ಅಂತ ಕೇಳುತ್ತಾರೆ. ಹೌದು, ಒಂದೇ ಕಾರು! ಚಾಸಿ (ಕಾರಿನ ಚೌಕಟ್ಟು) ನಂಬರ್ 1075. 1968ರಲ್ಲಿ 9ನೇ ನಂಬರ್ ಹಾಕಿಕೊಂಡು ಪೆಡ್ರೊ ರೊಡ್ರಿಗೆಜ್ ಮತ್ತು ಲೂಸಿಯನ್ ಬಿಯಾಂಕಿ ಕೈಯಲ್ಲಿ ಗೆದ್ದಿತು. ಮರುವರ್ಷ 6ನೇ ನಂಬರಿನಲ್ಲಿ ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್ ಅದನ್ನೇ ಗೆಲ್ಲಿಸಿದರು.

ಆ 1969ರ ರೇಸಿನ ಬಗ್ಗೆ ಎಷ್ಟು ಮಾತಾಡಿದರೂ ನನಗೆ ಸಾಕಾಗುವುದಿಲ್ಲ. ಆಗೆಲ್ಲ ಡ್ರೈವರುಗಳು ರಸ್ತೆಯ ಆಚೆ ಬದಿ ನಿಂತಿರಬೇಕಿತ್ತು. ಬಾವುಟ ಬಿದ್ದ ಕೂಡಲೇ ಓಡಿಬಂದು ಕಾರಿಗೆ ಹಾರಿ ಹೊರಡಬೇಕು. ಆ ಅವಸರದಲ್ಲಿ ಬೆಲ್ಟ್ ಕಟ್ಟಿಕೊಳ್ಳಲು ಯಾರಿಗೆ ಪುರುಸೊತ್ತು? ಇದು ಸರಿಯಲ್ಲ ಎಂದು ತೋರಿಸಲು ಇಕ್ಸ್ ಓಡಲೇ ಇಲ್ಲ. ಎಲ್ಲರೂ ಓಡುತ್ತಿದ್ದಾಗ ನಿಧಾನವಾಗಿ ನಡೆದುಕೊಂಡು ಬಂದರು, ಬೆಲ್ಟ್ ಬಿಗಿದುಕೊಂಡರು, ಎಲ್ಲರಿಗಿಂತ ಕೊನೆಗೆ ಹೊರಟರು. ಅದೇ ರೇಸಿನ ಮೊದಲ ಸುತ್ತಿನಲ್ಲೇ ಜಾನ್ ವುಲ್ಫ್ ತಮ್ಮ 917ರಲ್ಲಿ ಅಪಘಾತವಾಗಿ ತೀರಿಕೊಂಡರು. ಕೊನೆಗೆ ಹೊರಟ ಇಕ್ಸ್ ಕೊನೆಯ ಗಂಟೆಯಲ್ಲಿ ಹಾನ್ಸ್ ಹೆರ್ಮನ್ ಅವರ ಪೋರ್ಷೆ 908 ಜೊತೆ ಒಬ್ಬರನ್ನೊಬ್ಬರು ದಾಟುತ್ತಾ, ದಾಟಿಸಿಕೊಳ್ಳುತ್ತಾ ಓಡಿಸಿ, ಸುಮಾರು 120 ಮೀಟರ್ ಅಂತರದಲ್ಲಿ ಗೆದ್ದರು. ಮರುವರ್ಷದಿಂದ ಆ ಓಡಿಬರುವ ಪದ್ಧತಿಯೇ ಹೋಯಿತು. ಒಬ್ಬ ಮನುಷ್ಯ ನಡೆದು ಬಂದಿದ್ದಕ್ಕೆ ಇಷ್ಟು ಬೆಲೆ ಇರುತ್ತದೆ ಅಂತ ಆ ಪುಟ್ಟ ನೀಲಿ ಕಾರು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಇನ್ನು 917. ಇದರ ಬಗ್ಗೆ ಬರೆಯಲು ಕೂತರೆ ರಾತ್ರಿಯೆಲ್ಲ ಬೇಕು.

1969ರಲ್ಲಿ ಈ ಕಾರು ಬಂದಾಗ ಡ್ರೈವರುಗಳೇ ಹೆದರಿದ್ದರು. ರೇಸಿಗೆ ಇಳಿಸಲು ನಿಯಮದ ಪ್ರಕಾರ 25 ಕಾರು ತೋರಿಸಬೇಕಿತ್ತು. ಪೋರ್ಷೆಯವರು ಕಾರ್ಖಾನೆಯ ಅಂಗಳದಲ್ಲಿ 25ನ್ನೂ ಸಾಲಾಗಿ ನಿಲ್ಲಿಸಿಯೇಬಿಟ್ಟರು. ಹಾನ್ಸ್ ಮೆಟ್ಸ್‌ಗರ್ ಮಾಡಿದ 12 ಸಿಲಿಂಡರ್ ಎಂಜಿನ್. ಅಲ್ಯೂಮಿನಿಯಂ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು. ಆ ಕೊಳವೆಗಳ ಒಳಗೆ ಒತ್ತಡದಲ್ಲಿ ಗ್ಯಾಸ್ ತುಂಬಿಸುತ್ತಿದ್ದರು. ಒತ್ತಡ ಇಳಿಯಿತು ಅಂದರೆ ಎಲ್ಲೋ ಬೆಸುಗೆ ಬಿರುಕು ಬಿಟ್ಟಿದೆ ಅಂತ ಅರ್ಥ. ತೂಕ ಉಳಿಸಲು ಗೇರ್ ಲಿವರಿನ ಗುಂಡಿಯನ್ನೂ ಹಗುರ ಮರದಲ್ಲಿ ಮಾಡಿದ್ದರು. ಇಷ್ಟೆಲ್ಲ ಇದ್ದೂ ವೇಗ ಏರಿದರೆ ಕಾರಿನ ಹಿಂಭಾಗ ನೆಲ ಬಿಟ್ಟಂತಾಗಿ ರಸ್ತೆ ತುಂಬಾ ಓಲಾಡುತ್ತಿತ್ತು.

ಪರಿಹಾರ ಸಿಕ್ಕಿದ್ದು ಅದೇ ವರ್ಷ ಅಕ್ಟೋಬರಿನಲ್ಲಿ, ಆಸ್ಟ್ರಿಯಾದ ಟ್ರ್ಯಾಕಿನಲ್ಲಿ. ಜಾನ್ ವೈಯರ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್ ನಿಂತ ಕಾರನ್ನು ಸುಮ್ನೆ ನೋಡುತ್ತಿದ್ದರು. ಮೂತಿಯ ಮೇಲೆ, ಗಾಜಿನ ಮೇಲೆ ಎಲ್ಲ ಸಣ್ಣ ಹುಳಗಳು ಅಪ್ಪಳಿಸಿ ಅಂಟಿಕೊಂಡಿವೆ. ಹಿಂದಿನ ಬಾಲದ ಮೇಲೆ ಮಾತ್ರ ಹುಳವೇ ಇಲ್ಲ. ಅಂದರೆ ಗಾಳಿ ಅಲ್ಲಿಗೆ ತಾಗುತ್ತಲೇ ಇಲ್ಲ! ಗಾಳಿ ತಾಗದ ಬಾಲ ಕಾರನ್ನು ನೆಲಕ್ಕೆ ಹೇಗೆ ಒತ್ತಿ ಹಿಡಿಯುತ್ತದೆ? ಮೆಕ್ಯಾನಿಕ್‌ಗಳು ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ಬಾಲವನ್ನು ಮೋಟು ಮಾಡಿ ಮೇಲಕ್ಕೆ ಎತ್ತಿ ಕಟ್ಟಿದರು. ಓಡಿಸಿ ಬಂದ ಡ್ರೈವರುಗಳ ಮುಖವೇ ಬದಲಾಗಿತ್ತಂತೆ. ಅದೇ 917ಕೆ. ಕೋಟಿಗಟ್ಟಲೆ ಸುರಿದು ಮಾಡಿದ ಕಾರನ್ನು ಸತ್ತ ಹುಳ ನೋಡಿ ಸರಿಮಾಡಿದರು. ಎಂಡ್ಯೂರೆನ್ಸ್ ರೇಸಿಂಗ್‌ನಲ್ಲಿ, ಅಂದರೆ ಗಂಟೆಗಟ್ಟಲೆ ಓಡುವ ಇಂಥ ರೇಸುಗಳಲ್ಲಿ, ನನಗೆ ಅತಿ ಪ್ರಿಯವಾದ ಕಥೆ ಇದು.

ಹಾಗಾಗಿ 917ಕೆ ಮಾಡೆಲ್ ಯಾರೇ ತೋರಿಸಿದರೂ ನಾನು ಮೊದಲು ನೋಡುವುದು ಬಾಲವನ್ನು. ಆ ಏರು ಸರಿಯಾಗಿ ಬಂದಿದೆಯಾ? ಅಂಚು ತೆಳ್ಳಗಿದೆಯಾ? ಹಳೆಯ ಮಾಡೆಲ್‌ಗಳಲ್ಲಿ ಅಲ್ಲಿ ಲೋಹ ದಪ್ಪವಾಗಿ, ಮೊಂಡಾಗಿ ಬಂದಿರುತ್ತದೆ. ಬಣ್ಣ, ನಂಬರು ಎಷ್ಟೇ ಚೆನ್ನಾಗಿರಲಿ, ಬಾಲ ತಪ್ಪಾದರೆ ನನಗೆ ಆ ಕಾರು ಬೇಡ.

1969ರಲ್ಲಿ 120 ಮೀಟರ್‌ನಲ್ಲಿ ಸೋತ ಹೆರ್ಮನ್, ಮರುವರ್ಷ ರಿಚರ್ಡ್ ಆಟ್‌ವುಡ್ ಜೊತೆ ಆ ಕೆಂಪು-ಬಿಳಿ 23ನೇ ನಂಬರಿನಲ್ಲಿ ಗೆದ್ದರು. ಲೆ ಮಾನ್ಸ್‌ನಲ್ಲಿ ಪೋರ್ಷೆಗೆ ಅದು ಮೊದಲ ಒಟ್ಟಾರೆ ಗೆಲುವು. ಎಂಥ ಮಳೆ ಅಂದರೆ, ಕೊನೆಗೆ ಫಲಿತಾಂಶದ ಪಟ್ಟಿಯಲ್ಲಿ ಉಳಿದದ್ದು ಏಳೇ ಕಾರು. ಗೆದ್ದರೆ ರೇಸ್ ಬಿಡುತ್ತೇನೆ ಎಂದು ಹೆರ್ಮನ್ ಹೆಂಡತಿಗೆ ಮಾತು ಕೊಟ್ಟಿದ್ದರು. ಮಾತಿನಂತೆ ಬಿಟ್ಟರು. 1971ರಲ್ಲಿ ಹೆಲ್ಮುಟ್ ಮಾರ್ಕೊ ಮತ್ತು ಹೈಸ್ ಫಾನ್ ಲೆನೆಪ್ ಇನ್ನೊಂದು 917ರಲ್ಲಿ 5335 ಕಿಲೋಮೀಟರ್ ಓಡಿಸಿ ಗೆದ್ದರು. ಆ ದೂರದ ದಾಖಲೆಯನ್ನು 2010ರವರೆಗೆ ಯಾರೂ ಮುರಿಯಲಿಲ್ಲ.

ಆದರೆ 1971ರ ಕಾರುಗಳಲ್ಲಿ ನನಗೆ ಜಾಸ್ತಿ ಇಷ್ಟ ಗೆದ್ದದ್ದಲ್ಲ, ಗುರಿ ಮುಟ್ಟದೆ ಹೋದ 917/20. ಪಿಂಕ್ ಪಿಗ್! ಅಗಲವಾದ, ದುಂಡನೆಯ ಮೈ. ಪೋರ್ಷೆಯ ವಿನ್ಯಾಸದ ಮುಖ್ಯಸ್ಥ ಅನತೋಲ್ ಲಪೀನ್ ಅದಕ್ಕೆ ಗುಲಾಬಿ ಬಣ್ಣ ಬಳಿಸಿ, ಕಟುಕರ ಅಂಗಡಿಯ ಚಿತ್ರದ ಹಾಗೆ ಚುಕ್ಕೆ ಗೆರೆ ಎಳೆದು, ಯಾವುದು ಯಾವ ಭಾಗದ ಮಾಂಸ ಅಂತ ಹೆಸರು ಬರೆಸಿದರು. ರೇಸಿನ ಮಧ್ಯದಲ್ಲೇ ಅಪಘಾತವಾಗಿ ಹೊರಬಿತ್ತು. ಆದರೂ ಜನ ಮರೆಯಲಿಲ್ಲ. 2018ರಲ್ಲಿ ಪೋರ್ಷೆ 911 ಆರ್‌ಎಸ್‌ಆರ್ ಅದೇ ಬಣ್ಣ ಹಾಕಿಕೊಂಡು ಬಂದು ತನ್ನ ವರ್ಗದಲ್ಲಿ ಗೆದ್ದಿತು. ಆವತ್ತು ಅಭಿಮಾನಿಗಳು ಕುಣಿದಾಡಿದ್ದು ನೆನಪಿದೆ. ಎಷ್ಟೋ ವರ್ಷದ ಬಾಕಿ ತೀರಿದ ಹಾಗಿತ್ತು.

ಈಗ ಮೇಜಿನ ಮೇಲೆ ಅರ್ಧ ಆಗಿರುವುದು ಅದೇ ಪಿಂಕ್ ಪಿಗ್, 1:24 ಸ್ಕೇಲಿನ (ಅಸಲಿ ಕಾರಿನ 24ರಲ್ಲಿ ಒಂದು ಪಾಲು ಉದ್ದದ) ಜೋಡಿಸುವ ಕಿಟ್. ಬಣ್ಣ ಒಣಗಿದೆ. ಇವತ್ತು ಬಾಗಿಲಿನ ಬದಿಯ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಕೂರಿಸಿದೆ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಕಾಗದದ ಮೇಲೆ ಡಿಕಾಲ್ ಜಾರುವವರೆಗೆ ಕಾಯಬೇಕು. ಎಳೆಯಬಾರದು. ಬ್ರಶ್ ತುದಿಯಿಂದ ನಿಧಾನಕ್ಕೆ ಜಾರಿಸಿ ಮೈ ಮೇಲೆ ಕೂರಿಸಬೇಕು. ಬಾಗಿಲಿನ ಮೇಲಿನ ಚುಕ್ಕೆ ಗೆರೆ ಚಕ್ರದ ಮೇಲಿನ ಉಬ್ಬಿನ ಗೆರೆಗೆ ಸರಿಯಾಗಿ ಸೇರಬೇಕು. ಒಂದು ಕೂದಲೆಳೆ ಆಚೀಚೆ ಆದರೂ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಮೆದು ಮಾಡುವ ದ್ರವ ಹಚ್ಚಿದರೆ ಡಿಕಾಲ್ ಮೊದಲು ಸುಕ್ಕುಗಟ್ಟುತ್ತದೆ. ಹೊಸಬರು ಅಲ್ಲೇ ಗಾಬರಿಯಾಗಿ ಬೆರಳು ಹಾಕಿಬಿಡುತ್ತಾರೆ. ಮುಟ್ಟಬಾರದು. ಒಣಗುತ್ತಾ ಒಣಗುತ್ತಾ ತಾನೇ ಇಳಿದು, ಬಾಗಿಲಿನ ಸಂದಿಯೊಳಗೂ ಕೂತು, ಬಣ್ಣದಲ್ಲೇ ಬರೆದ ಹಾಗೆ ಆಗುತ್ತದೆ. ಇವತ್ತು ಗೆರೆ ಸರಿಯಾಗಿ ಸೇರಿತು. ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ.

ಡಿಕಾಲ್ ಅಂದಾಗ ಸಿಗರೇಟಿನ ವಿಷಯ ಬರದೇ ಇರುವುದಿಲ್ಲ. 80ರ ದಶಕದ ಎಷ್ಟೋ ದೊಡ್ಡ ಕಾರುಗಳು ಸಿಗರೇಟ್ ಕಂಪನಿಗಳ ಬಣ್ಣದಲ್ಲೇ ಓಡಿದವು. 1982ರಲ್ಲಿ 1, 2, 3ನೇ ನಂಬರಿನ ಪೋರ್ಷೆ 956ಗಳು ಅದೇ ಕ್ರಮದಲ್ಲಿ 1, 2, 3ನೇ ಸ್ಥಾನ ಪಡೆದವು. ಮೈ ಮೇಲೆ ರಾಥ್‌ಮನ್ಸ್‌ನ ನೀಲಿ-ಬಿಳಿ. 1988ರಲ್ಲಿ ಪೋರ್ಷೆಯ ಸತತ ಏಳು ಗೆಲುವಿನ ಸರಣಿ ಮುರಿದ ಜಾಗ್ವಾರ್ ಎಕ್ಸ್‌ಜೆಆರ್-9ರ ನೇರಳೆ ಬಣ್ಣ ಸಿಲ್ಕ್ ಕಟ್‌ನದು. ಆ ರೇಸಿನ ಕೊನೆಯಲ್ಲಿ ಗೇರ್‌ಬಾಕ್ಸ್ ಕೈಕೊಡುವ ಸೂಚನೆ ಸಿಕ್ಕಿ, ಯಾನ್ ಲಾಮರ್ಸ್ ನಾಲ್ಕನೇ ಗೇರಿನಲ್ಲೇ ಇಟ್ಟು ಕಾರನ್ನು ಗುರಿ ಮುಟ್ಟಿಸಿದರು. ತಂಬಾಕು ಜಾಹೀರಾತಿನ ಮೇಲಿನ ಈಗಿನ ಕಾನೂನಿನಿಂದಾಗಿ ಎಷ್ಟೋ ಮಾಡೆಲ್‌ಗಳು ಹೆಸರಿಲ್ಲದೆ, ಖಾಲಿ ಪಟ್ಟೆಗಳೊಂದಿಗೆ ಬರುತ್ತವೆ. ಸಂಗ್ರಹಿಸುವವರು ಬೇರೆ ಡಿಕಾಲ್ ತಂದು ತಾವೇ ಹಾಕಿಕೊಳ್ಳುತ್ತಾರೆ. ನಾನೂ ಹಾಕುತ್ತೇನೆ. ತಂಬಾಕಿನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ. ಆದರೆ ಕಾರು ಹೇಗೆ ಓಡಿತ್ತೋ ಹಾಗೇ ಇರಬೇಕು. ಹೆಸರು ಅಳಿಸಿದ 956 ಯಾವ ರೇಸನ್ನೂ ಓಡಿದ ಕಾರಲ್ಲ.

ಮಾಡೆಲ್‌ಗೆ ಆಗದ್ದು ಒಂದೇ, ಶಬ್ದ. ಮಾಡೆಲ್ ಸಂಗ್ರಹಿಸುವ ನಮ್ಮ ಗುಂಪಿನಲ್ಲಿ ಹಿರಿಯರೊಬ್ಬರಿದ್ದಾರೆ. 70ರ ದಶಕದಲ್ಲಿ ಟ್ರ್ಯಾಕ್ ಪಕ್ಕ ನಿಂತು 'ಮಾತ್ರಾ' ಅನ್ನುವ ಕಂಪನಿಯ ಕಾರುಗಳನ್ನು ನೋಡಿದವರು. 1972ರಿಂದ 74ರವರೆಗೆ ಮೂರು ವರ್ಷ ಸತತ ಗೆದ್ದ ಫ್ರಾನ್ಸಿನ ನೀಲಿ ಕಾರುಗಳು ಅವು. "ಕಾರು ಕಾಣೋಕೆ ಎಷ್ಟೋ ಮುಂಚೆ ಕೇಳಿಸ್ತಿತ್ತು. ಆ ವಿ12 ಕೂಗು ಎದೆಯೊಳಗೆ ಬರ್ತಿತ್ತು" ಅನ್ನುತ್ತಾರೆ. "ಸರ್, ಯಾವ ಕಾರು ಅಂತ ಕತ್ತಲಲ್ಲಿ ಹೇಗೆ ಗೊತ್ತಾಗ್ತಿತ್ತು?" ಅಂತ ಕೇಳಿದ್ದೆ. "ಕಿವೀನೇ ಹೇಳ್ತಿತ್ತಪ್ಪಾ" ಅಂದರು. ರಾತ್ರಿ ತಿರುವಿಗೆ ಮುಂಚೆ ಕೆಂಪಗೆ ಕಾದ ಬ್ರೇಕ್ ಡಿಸ್ಕ್‌ಗಳ ಬಗ್ಗೆ ಅವರು ಹೇಳುವಾಗ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ.

ನನ್ನ ಪಾಲಿಗೆ ಆ ಶಬ್ದ ಮಾಜ್ದಾ 787ಬಿ. ರೆಕಾರ್ಡಿಂಗಿನಲ್ಲಿ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಎಂಜಿನ್ನಿನಲ್ಲಿ ಮೇಲೆ ಕೆಳಗೆ ಹೋಗುವ ಪಿಸ್ಟನ್ ಇಲ್ಲ, ಸುತ್ತುವ ನಾಲ್ಕು ರೋಟರ್. 1991ರಲ್ಲಿ ಮುಂದಿದ್ದ ಮರ್ಸಿಡಿಸ್ ಕೆಟ್ಟು ಬಿದ್ದಾಗ 55ನೇ ನಂಬರಿನ ಕಿತ್ತಳೆ-ಹಸಿರು ಮಾಜ್ದಾ ಮುಂದೆ ಬಂತು. 362 ಸುತ್ತು ಮುಗಿಸಿ ಗೆದ್ದಿತು. ಜಪಾನಿನ ಕಂಪನಿಯೊಂದು ಲೆ ಮಾನ್ಸ್ ಗೆದ್ದದ್ದು ಅದೇ ಮೊದಲು. ಮುಂದಿನ ಗೆಲುವಿಗೆ ಟೊಯೋಟಾ 2018ರವರೆಗೆ ಕಾಯಬೇಕಾಯಿತು. ಕೊನೆಯ ಪಾಳಿ ಓಡಿಸಿದ ಜಾನಿ ಹರ್ಬರ್ಟ್ ಮೈಯಲ್ಲಿ ನೀರಿನಂಶವೇ ಇಲ್ಲದೆ ಬಳಲಿ ಬಿದ್ದರು. ಪೋಡಿಯಂ ಹತ್ತಲೂ ಆಗಲಿಲ್ಲ. 20 ವರ್ಷದ ನಂತರ, 2011ರಲ್ಲಿ, ಅದೇ ಟ್ರ್ಯಾಕಿನಲ್ಲಿ ಅವರು 787ಬಿಯನ್ನು ಮತ್ತೆ ಓಡಿಸಿದಾಗ ಆ ಕೂಗು ಮತ್ತೊಮ್ಮೆ ಕೇಳಿತು. ನನ್ನ 55ನೇ ನಂಬರಿಗೆ ಮೂತಿಯ ಮೇಲೆ ಎಣ್ಣೆ, ಮಸಿ, ರಬ್ಬರ್ ಕೊಳೆ ಹಚ್ಚಿ, ರೇಸ್ ಮುಗಿಸಿ ಬಂದ ಹಾಗೆ ಮಾಡಿಟ್ಟಿದ್ದೇನೆ. ಹೊಳೆಯುವ 787ಬಿ ರೇಸ್ ಶುರುವಾಗುವ ಶನಿವಾರದ್ದು. ನನಗೆ ರೇಸ್ ಮುಗಿದ ಭಾನುವಾರದ್ದೇ ಬೇಕು.

ಡೈಕಾಸ್ಟ್ (ಎರಕದ ಲೋಹದ ಮಾಡೆಲ್) ಒಳ್ಳೆಯದಾ, ರೆಸಿನ್ (ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಪ್ಲಾಸ್ಟಿಕ್‌ನದು) ಒಳ್ಳೆಯದಾ ಅನ್ನುವ ಜಗಳ ನಮ್ಮಲ್ಲಿ ಮುಗಿಯುವುದೇ ಇಲ್ಲ. ಡೈಕಾಸ್ಟ್‌ಗೆ ಉಕ್ಕಿನ ಅಚ್ಚು ಬೇಕು. ಅದು ದುಬಾರಿ, ಹಾಗಾಗಿ ಸಾವಿರಗಟ್ಟಲೆ ಮಾಡಿ ಮಾರಬೇಕು, ಹಾಗಾಗಿ ಹೆಸರಾಂತ ಕಾರುಗಳೇ ಬರುತ್ತವೆ. ರೆಸಿನ್‌ಗೆ ಸಿಲಿಕೋನ್ ಅಚ್ಚು ಸಾಕು. ಬೇಗ ಸವೆಯುತ್ತದೆ, ಆದರೆ ಅಗ್ಗ. ಅದರಿಂದಲೇ ಈಗ ಯಾರೂ ಕೇಳದ, ಖಾಸಗಿ ತಂಡದ, 14ನೇ ಸ್ಥಾನದ ಕಾರೂ ಸಿಗುತ್ತಿದೆ. ಬಾಗಿಲು ತೆರೆಯುವುದಿಲ್ಲ, ಕೈಗೆ ಹಗುರ. ಆದರೂ ನನ್ನ ವೋಟು ರೆಸಿನ್‌ಗೆ. ರೇಸ್ ಅಂದರೆ ಗೆದ್ದವರಷ್ಟೇ ಅಲ್ಲವಲ್ಲ.

ಧೂಳು ತೆಗೆಯುವಾಗ ಒಂದು ಕೆಟ್ಟ ಸುದ್ದಿಯೂ ಸಿಕ್ಕಿತು. ಹಳೆಯ ಡೈಕಾಸ್ಟ್ ಒಂದರ ತಳದಲ್ಲಿ ಕೂದಲಿನಂಥ ಬಿರುಕು. ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಜಿಂಕ್ ಪೆಸ್ಟ್. ಎರಕದ ಸತುವಿನಲ್ಲಿ ಸೀಸ ಸೇರಿಹೋಗಿದ್ದರೆ ವರ್ಷಗಳ ಮೇಲೆ ಲೋಹ ಒಳಗಿಂದಲೇ ಉಬ್ಬಿ ಒಡೆಯುತ್ತದೆ. ತೇವ ಇದ್ದರೆ ಇನ್ನೂ ಬೇಗ. ಮದ್ದಿಲ್ಲ. ಇದು ಒಂದರಿಂದ ಒಂದಕ್ಕೆ ಹರಡುವುದಿಲ್ಲ, ಅದೇ ಸಮಾಧಾನ. ಒಣ ಡಬ್ಬಿಯಲ್ಲಿ ಇಟ್ಟೆ. ಜೊತೆಗೆ, ಇನ್ನು ಕೆಲವು ಕಾರುಗಳ ಟೈರು ಪ್ಲಾಸ್ಟಿಕ್ ಪೀಠಕ್ಕೆ ಅಂಟಿ ಕಲೆ ಮಾಡುತ್ತಿದ್ದವು. ತಳಕ್ಕೆ ಸಣ್ಣ ತುಂಡು ಕೊಟ್ಟು, ಟೈರು ಪೀಠಕ್ಕೆ ತಾಗದ ಹಾಗೆ ಎತ್ತಿ ಕೂರಿಸಿದೆ. ಮಾಡೆಲ್ ಇಟ್ಟುಕೊಂಡವರು ಒಮ್ಮೆ ನೋಡಿಕೊಳ್ಳಿ.

ಕಪಾಟು ಮುಚ್ಚುವ ಮುಂಚೆ ಒಂದು ನಿರ್ಧಾರ ಮಾಡಿದೆ. ಮುಂದಿನ ಕಾರು ಹೆರ್ಮನ್ ಮತ್ತು ಜೆರಾರ್ಡ್ ಲಾರುಸ್ ಅವರ 64ನೇ ನಂಬರಿನ 908. 1969ರಲ್ಲಿ 120 ಮೀಟರ್ ಹಿಂದೆ ಉಳಿದ ಕಾರು. ಅದಿಲ್ಲದೆ ನನ್ನ 6ನೇ ನಂಬರಿನ ಜಿಟಿ40 ಯಾರ ಜೊತೆ ಓಡಿದ್ದು ಅಂತ ಗೊತ್ತೇ ಆಗುವುದಿಲ್ಲ. ಯಾರ ಹತ್ತಿರವಾದರೂ 1:43 ಸ್ಕೇಲಿನಲ್ಲಿ ಒಂದು ಹೆಚ್ಚಿಗೆ ಇದ್ದರೆ ತಿಳಿಸಿ. ಬದಲಿಗೆ ಕೊಡಲು ನನ್ನ ಹತ್ತಿರ ಎರಡೆರಡು ಇರುವ ಕಾರುಗಳಿವೆ. ಜಿಟಿ40 ಬಿಟ್ಟು!