ಗ್ರ್ಯಾಂಡ್ ಜೂರಿಯಿಂದ ಕಾಗದ ಬಂದಿದೆ. ತಪ್ಪು ಮಾಡದ ನನಗೆ ವಕೀಲರೇಕೆ?

ನ್ಯೂಜೆರ್ಸಿಯ ವಕೀಲರ ಕಚೇರಿಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವವನು ನಾನು, ವಕೀಲನಲ್ಲ. ಆದರೂ ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಊಟ ಮುಗಿದ ಮೇಲೆ ಯಾರಾದರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ‘ಕಂಪನಿಯ ವಿಚಾರವಾಗಿ ಗ್ರ್ಯಾಂಡ್ ಜೂರಿಯಿಂದ ನನಗೊಂದು ಸಪೀನಾ (ಸಾಕ್ಷಿ ಹೇಳಲು ಅಥವಾ ದಾಖಲೆ ಒಪ್ಪಿಸಲು ಬರುವ ಕಡ್ಡಾಯದ ಕರೆ) ಬಂದಿದೆ. ನಾನೇನೂ ತಪ್ಪು ಮಾಡಿಲ್ಲ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದರಾಯಿತಲ್ಲ? ವಕೀಲರನ್ನು ಹಿಡಿದರೆ, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುವುದಿಲ್ಲವೇ?’

ಆಗುವುದಿಲ್ಲ. ಸಪೀನಾ ಕಳುಹಿಸಿದ ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು ಕೂಡ ನಿಮ್ಮ ಪರವಾಗಿ ವಕೀಲರೊಬ್ಬರು ಫೋನ್ ಮಾಡುವುದನ್ನೇ ನಿರೀಕ್ಷಿಸುತ್ತಿರುತ್ತಾರೆ. ಅದಕ್ಕೂ ಮುಖ್ಯವಾದ ಕಾರಣ ಆ ಕೋಣೆಯ ಏರ್ಪಾಡಿನಲ್ಲಿಯೇ ಇದೆ.

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಐದನೆಯ ತಿದ್ದುಪಡಿಯ ಪ್ರಕಾರ ಗಂಭೀರ ಫೆಡರಲ್ (ಕೇಂದ್ರ ಕಾನೂನಿನ) ಅಪರಾಧದ ದೋಷಾರೋಪವನ್ನು ಗ್ರ್ಯಾಂಡ್ ಜೂರಿಯೇ ಹೊರಿಸಬೇಕು. 16ರಿಂದ 23 ಮಂದಿ ಸಾಮಾನ್ಯ ನಾಗರಿಕರು ಅದರಲ್ಲಿರುತ್ತಾರೆ. ಕನಿಷ್ಠ 12 ಮಂದಿ ಒಪ್ಪಿದರೆ ದೋಷಾರೋಪ ಹೊರಬೀಳುತ್ತದೆ. ಅವರು ಅಪರಾಧ ಸಾಬೀತಾಯಿತೇ ಎಂದು ತೀರ್ಮಾನಿಸುವವರಲ್ಲ, ಮೊಕದ್ದಮೆ ಹೂಡಲು ತಕ್ಕಷ್ಟು ಆಧಾರವಿದೆಯೇ ಎಂದು ನೋಡುವವರು. ನಮ್ಮ ಊರಿನ ಕೋರ್ಟುಗಳಿಂದ ಸಮನ್ಸ್ ಬಂದು ಸಾಕ್ಷಿ ಹೇಳಲು ಹೋದವರ ಕಣ್ಣ ಮುಂದಿರುವ ಚಿತ್ರವೆಂದರೆ ಎದುರಿಗೆ ನ್ಯಾಯಾಧೀಶರು, ಅತ್ತಿತ್ತ ವಕೀಲರು, ಹಿಂದೆ ಬಾಗಿಲು ತೆರೆದ ಸಭಾಂಗಣ. ಗ್ರ್ಯಾಂಡ್ ಜೂರಿಯ ಕೋಣೆಯಲ್ಲಿ ಇವು ಯಾವುವೂ ಇಲ್ಲ. ಫೆಡರಲ್ ನಿಯಮದಂತೆ ಅಲ್ಲಿ ಇರಬಹುದಾದವರು ಜೂರಿಗಳು, ಸರ್ಕಾರದ ವಕೀಲರು, ಸಾಕ್ಷಿ, ಹೇಳಿದ್ದನ್ನೆಲ್ಲ ದಾಖಲಿಸಿಕೊಳ್ಳುವವರು ಮತ್ತು ಅಗತ್ಯವಿದ್ದರೆ ದುಭಾಷಿ. ಸಾಕ್ಷಿಯ ವಕೀಲರು ಹೊರಗಿನ ಪಡಸಾಲೆಯಲ್ಲಿ ಕಾಯುತ್ತಿರಬೇಕು. ಪ್ರಶ್ನೆಯೊಂದು ತೊಡಕೆನಿಸಿದಾಗ ಕೇಳಿಕೊಂಡು ಹೊರಗೆ ಬಂದು ಅವರೊಡನೆ ಮಾತನಾಡಿ ಮತ್ತೆ ಒಳಗೆ ಹೋಗಲು ಸಾಮಾನ್ಯವಾಗಿ ಅವಕಾಶವಿರುತ್ತದೆ. (ರಾಜ್ಯಗಳ ಗ್ರ್ಯಾಂಡ್ ಜೂರಿಗಳ ರೀತಿ ಬೇರೆ, ನ್ಯೂಯಾರ್ಕ್ ರಾಜ್ಯದಲ್ಲಿ ಮೊಕದ್ದಮೆಯಿಂದ ವಿನಾಯಿತಿ ಪಡೆಯುವ ಹಕ್ಕನ್ನು ಬಿಟ್ಟುಕೊಟ್ಟ ಸಾಕ್ಷಿಯ ವಕೀಲರು ಒಳಗೆ ಕೂರಬಹುದು.) ವಕೀಲರು ಒಳಗೆ ಬರುವಂತಿಲ್ಲ ಎಂದ ಮೇಲೆ ಅವರಿಂದೇನು ಪ್ರಯೋಜನ ಎಂದು ಕೇಳುವವರಿದ್ದಾರೆ. ಒಳಗೆ ಬರುವಂತಿಲ್ಲ ಎಂಬ ಕಾರಣಕ್ಕೇ ಅವರ ಕೆಲಸವೆಲ್ಲ ಆ ದಿನಕ್ಕೆ ಮೊದಲು ಮುಗಿದಿರಬೇಕಾಗುತ್ತದೆ.

ಮೊದಲ ಕೆಲಸ, ನಿಮ್ಮ ಸ್ಥಾನ ಯಾವುದೆಂದು ತಿಳಿಯುವುದು. ನ್ಯಾಯ ಇಲಾಖೆಯ ಕೈಪಿಡಿಯಲ್ಲಿ ‘ಟಾರ್ಗೆಟ್’ ಮತ್ತು ‘ಸಬ್ಜೆಕ್ಟ್’ ಎಂಬ ಎರಡು ಪದಗಳಿವೆ. ಅಪರಾಧಕ್ಕೆ ಬೆಸೆಯುವ ಗಣನೀಯ ಸಾಕ್ಷ್ಯ ಯಾರ ವಿರುದ್ಧ ಇದೆಯೋ, ಪ್ರಾಸಿಕ್ಯೂಟರ್ ದೃಷ್ಟಿಯಲ್ಲಿ ನಾಳೆಯ ಆರೋಪಿ ಯಾರೋ, ಅವರು ಟಾರ್ಗೆಟ್. ಯಾರ ನಡವಳಿಕೆ ತನಿಖೆಯ ವ್ಯಾಪ್ತಿಯೊಳಗೆ ಬರುತ್ತದೆಯೋ ಅವರು ಸಬ್ಜೆಕ್ಟ್. ಇವೆರಡೂ ಅಲ್ಲದವರು ಬರಿಯ ಸಾಕ್ಷಿ. ವಕೀಲರು ಕೇಳಿದರೆ ಪ್ರಾಸಿಕ್ಯೂಟರ್ ಸಾಮಾನ್ಯವಾಗಿ ಇದನ್ನು ಹೇಳುತ್ತಾರೆ. ಇಂದಿನ ಸಾಕ್ಷಿ ಮುಂದಿನ ತಿಂಗಳು ಸಬ್ಜೆಕ್ಟ್ ಆಗಬಾರದೆಂದೇನೂ ಇಲ್ಲ, ಆದ್ದರಿಂದ ಒಮ್ಮೆ ಕೇಳಿ ಸುಮ್ಮನಾಗುವ ಪ್ರಶ್ನೆಯೂ ಇದಲ್ಲ.

ಎರಡನೆಯದು, ಮೌನದ ಹಕ್ಕಿನ ವಿಚಾರ. ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದೆಂದು ಹೇಳುವುದೂ ಅದೇ ಐದನೆಯ ತಿದ್ದುಪಡಿ. ‘ಐದನೆಯ ತಿದ್ದುಪಡಿಯ ಆಶ್ರಯ ತಪ್ಪಿತಸ್ಥರಿಗೆ, ನನಗಲ್ಲ’ ಎಂದು ವಿದ್ಯಾವಂತರೇ ಹೇಳುವುದನ್ನು ಕೇಳಿದ್ದೇನೆ. 2001ರಲ್ಲಿ ಒಹಾಯೊ ವಿರುದ್ಧ ರೀನರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ನೇರವಾಗಿಯೇ ಉತ್ತರಿಸಿತು: ಮಗುವೊಂದರ ಸಾವಿನಲ್ಲಿ ತನ್ನ ಪಾತ್ರವೇನೂ ಇಲ್ಲವೆನ್ನುತ್ತಿದ್ದ, ಆ ಮಗುವನ್ನು ನೋಡಿಕೊಳ್ಳುತ್ತಿದ್ದ ಮಹಿಳೆಗೂ ಉತ್ತರಿಸದಿರುವ ಹಕ್ಕಿದೆ, ಏಕೆಂದರೆ ನಿರಪರಾಧಿಯ ಸತ್ಯವಾದ ಮಾತೂ ಅವನ ವಿರುದ್ಧದ ಸಾಕ್ಷ್ಯವಾಗಬಲ್ಲದು. ಯಾವ ಪ್ರಶ್ನೆಗೆ ಈ ಹಕ್ಕು ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಎಂಬುದು ಆ ಕೋಣೆಯಲ್ಲಿ ಒಬ್ಬರೇ ಕೂತು ನಿರ್ಧರಿಸುವ ಸಂಗತಿಯಲ್ಲ. ನ್ಯಾಯಾಲಯ ವಿನಾಯಿತಿಯ ಆದೇಶ ಹೊರಡಿಸಿ ಮಾತನಾಡಲೇಬೇಕೆಂದರೆ ಲೆಕ್ಕ ಮತ್ತೆ ಬದಲಾಗುತ್ತದೆ: ಆಗ ಹೇಳಿದ್ದನ್ನೂ ಅದರಿಂದ ಹೊರಟ ಸುಳಿವುಗಳನ್ನೂ ನಿಮ್ಮ ವಿರುದ್ಧ ಬಳಸುವಂತಿಲ್ಲ, ಆದರೆ ಸುಳ್ಳು ಹೇಳಿದರೆ ಆ ರಕ್ಷಣೆ ಇಲ್ಲ. ಆದೇಶದ ನಂತರವೂ ಬಾಯಿ ಬಿಡದವರನ್ನು ಆ ಜೂರಿಯ ಅವಧಿ ಮುಗಿಯುವವರೆಗೆ, ಹೆಚ್ಚೆಂದರೆ 18 ತಿಂಗಳು, ಬಂಧನದಲ್ಲಿಡಬಹುದು. ಸುದ್ದಿಮೂಲವನ್ನು ತಿಳಿಸಲೊಪ್ಪದ ಪತ್ರಕರ್ತೆ ಜುಡಿತ್ ಮಿಲ್ಲರ್ 2005ರಲ್ಲಿ 85 ದಿನ ಜೈಲಿನಲ್ಲಿದ್ದರು.

ನಾನು ದಿನವೂ ನೋಡುವುದು ದಾಖಲೆಗಳನ್ನಾದ್ದರಿಂದ ಅವುಗಳ ಬಗ್ಗೆ ತುಸು ಹೆಚ್ಚಾಗಿಯೇ ಹೇಳುತ್ತೇನೆ. ಸಪೀನಾ ಕೈಗೆ ಬಂದ ಗಳಿಗೆಯಿಂದ ಏನನ್ನೂ ಅಳಿಸಬಾರದು. ವಾಟ್ಸ್‌ಆ್ಯಪ್‌ನಲ್ಲಿ ಸಂದೇಶಗಳು ತಾವಾಗಿಯೇ ಮಾಯವಾಗುವ ಏರ್ಪಾಡಿದ್ದರೆ ಅದನ್ನು ಆಗಲೇ ನಿಲ್ಲಿಸಬೇಕು. ಹಳೆಯ ಫೋನನ್ನು ಬದಲಿಗೆ ಕೊಟ್ಟು ಹೊಸದನ್ನು ತರುವ ಯೋಚನೆಯನ್ನೂ ಬಿಡಬೇಕು. ತನಿಖೆಗೆ ಅಡ್ಡಿ ಮಾಡುವ ಉದ್ದೇಶದಿಂದ ದಾಖಲೆ ನಾಶಪಡಿಸಿದರೆ 20 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಮೂಲ ತನಿಖೆಯಲ್ಲಿ ನಿಮ್ಮ ತಪ್ಪೇನೂ ಇಲ್ಲದಿದ್ದರೂ ಇದೊಂದೇ ಪ್ರತ್ಯೇಕ ಅಪರಾಧವಾಗುತ್ತದೆ. ಹಾಗೆಂದು ಇದ್ದುದನ್ನೆಲ್ಲ ರಾಶಿ ಹಾಕಿ ಒಪ್ಪಿಸುವುದೂ ಸರಿಯಲ್ಲ. ಹತ್ತು ವರ್ಷಗಳ ಇಮೇಲ್ ಕೇಳಿದ್ದರೆ ವಕೀಲರು ಪ್ರಾಸಿಕ್ಯೂಟರ್ ಜೊತೆ ಮಾತನಾಡಿ, ಅವಧಿಯನ್ನೂ ಹೆಸರುಗಳನ್ನೂ ಹುಡುಕುವ ಪದಗಳನ್ನೂ ಕಿರಿದು ಮಾಡಿಸಿಕೊಳ್ಳುತ್ತಾರೆ. ಒಪ್ಪಂದವಾಗದೆ ಹೊರೆ ಅಸಮಂಜಸವೆನಿಸಿದರೆ ಸಪೀನಾವನ್ನು ರದ್ದುಮಾಡುವಂತೆ ನ್ಯಾಯಾಧೀಶರನ್ನು ಕೇಳಬಹುದು. ವಕೀಲರೊಡನೆ ನಡೆದ ಗೋಪ್ಯ ಪತ್ರವ್ಯವಹಾರವನ್ನು ಬೇರ್ಪಡಿಸಿ ಪಟ್ಟಿ ಮಾಡಬೇಕು. ಕಂಪನಿಗೆ ಸಪೀನಾ ಬಂದಿದ್ದರೆ ಅದರ ಹಿಡಿತದಲ್ಲಿರುವ ದಾಖಲೆಗಳೆಲ್ಲ, ಬೆಂಗಳೂರಿನ ಕಚೇರಿಯ ಲ್ಯಾಪ್‌ಟಾಪಿನಲ್ಲಿರುವುದೂ ಸೇರಿದಂತೆ, ಲೆಕ್ಕಕ್ಕೆ ಬರುತ್ತವೆ.

ಕನ್ನಡಿಗರಿಗೇ ವಿಶೇಷವಾದ ತೊಡಕೊಂದಿದೆ. ‘ಬಿಲ್ಲನ್ನು ಸ್ವಲ್ಪ ಅಡ್ಜಸ್ಟ್ ಮಾಡಿಬಿಡು’ ಎಂದು ಸಹೋದ್ಯೋಗಿಗೆ ಕಳಿಸಿದ ಸಂದೇಶ ನಮಗೆ ಏನನ್ನೂ ಸೂಚಿಸದೆ ಇರಬಹುದು. ಅದೇ ಮಾತು ಪದಕ್ಕೆ ಪದ ಇಂಗ್ಲಿಷಿಗೆ ಹೋಗಿ ಲೆಕ್ಕಪತ್ರದ ತನಿಖೆಯಲ್ಲಿ ಕೂತಾಗ ಅಂಕಿಗಳನ್ನು ತಿದ್ದಲು ಕೊಟ್ಟ ಅಪ್ಪಣೆಯ ಹಾಗೆ ಕಾಣುತ್ತದೆ. ‘ಹೂಂ, ನೋಡೋಣ’ ಎಂಬುದು ಒಪ್ಪಿಗೆಯೇ, ನಯವಾದ ನಿರಾಕರಣೆಯೇ ಎಂದು ಅನುವಾದಕರಿಗೆ ಹೇಗೆ ತಿಳಿಯಬೇಕು? ಇಂತಹ ಸಂದೇಶಗಳ ಹಿನ್ನೆಲೆಯನ್ನು ವಕೀಲರಿಗೆ ಮೊದಲೇ ವಿವರಿಸಿದ್ದರೆ, ಸಾಕ್ಷ್ಯದ ದಿನ ಆ ಹಾಳೆಯನ್ನು ಮುಂದಿಟ್ಟಾಗ ನೀವು ತಡವರಿಸುವುದಿಲ್ಲ.

ಇನ್ನು, ವಕೀಲರು ಎಂದರೆ ಯಾರ ವಕೀಲರು? ಕಂಪನಿಯ ವಕೀಲರು ನಗುಮುಖದಿಂದ ಮಾತನಾಡಿಸಿದರೆಂದು ಅವರೇ ನಮ್ಮವರೆಂದು ನಂಬಿ ಎಲ್ಲವನ್ನೂ ಹೇಳಿಕೊಂಡವರಿದ್ದಾರೆ. ಅವರ ಕಕ್ಷಿದಾರ ಕಂಪನಿ. ನಿಮ್ಮೊಡನೆ ನಡೆದ ಮಾತಿನ ಗೋಪ್ಯತೆಯೂ ಕಂಪನಿಯದೇ. ಅದು ಬಯಸಿದರೆ ಆ ಮಾತುಗಳನ್ನು ಸರ್ಕಾರಕ್ಕೆ ಒಪ್ಪಿಸಬಹುದು. ಬೇರೆ ವಕೀಲರ ಖರ್ಚನ್ನು ಕಂಪನಿ ಭರಿಸುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಎಷ್ಟೋ ಸಂಸ್ಥೆಗಳು ಭರಿಸುತ್ತವೆ. ಎಚ್-1ಬಿ ಅಥವಾ ಗ್ರೀನ್ ಕಾರ್ಡಿನಲ್ಲಿರುವವರು ವಲಸೆ ಕಾನೂನು ಬಲ್ಲವರ ಸಲಹೆಯನ್ನೂ ಪಡೆಯಬೇಕು.

ಸಪೀನಾ ತಂದುಕೊಟ್ಟ ಸರ್ಕಾರಿ ತನಿಖಾ ಏಜೆಂಟ್ ಬಾಗಿಲಲ್ಲೇ ನಿಂತು ‘ಎರಡೇ ಎರಡು ಪ್ರಶ್ನೆ’ ಎನ್ನಬಹುದು. ಆ ಕಾಗದ ನಿಮ್ಮನ್ನು ಕರೆದಿರುವುದು ಗ್ರ್ಯಾಂಡ್ ಜೂರಿಯ ಮುಂದೆ, ನಿಮ್ಮ ಹೊಸ್ತಿಲಲ್ಲಲ್ಲ. ಒಳಗೆ ಕರೆದು ಕಾಫಿ ಕೊಟ್ಟು ಮಾತಿಗೆ ಕೂರುವುದು ನಮ್ಮ ಸಂಸ್ಕಾರ. ಆದರೆ ಪ್ರಮಾಣವಿಲ್ಲದೆ ಆಡಿದ ಮಾತಾದರೂ, ಮುಖ್ಯ ವಿಷಯದಲ್ಲಿ ತಿಳಿದೂ ಸುಳ್ಳು ಹೇಳಿದರೆ ಅದು ಫೆಡರಲ್ ಅಪರಾಧವೇ. ‘ನನ್ನ ವಕೀಲರು ನಿಮಗೆ ಫೋನ್ ಮಾಡುತ್ತಾರೆ’ ಎಂದು ಅವರ ಕಾರ್ಡನ್ನು ಇಸಿದುಕೊಂಡರೆ ಸಾಕು. ಸಾಕ್ಷಿಯಾದವರು ಗೋಪ್ಯತೆಯ ನಿಯಮಕ್ಕೆ ಸಾಮಾನ್ಯವಾಗಿ ಒಳಪಟ್ಟವರಲ್ಲ ಎಂಬುದು ನಿಜ, ಆದರೂ ಅದೇ ತನಿಖೆಯಲ್ಲಿರುವ ಗೆಳೆಯರ ಜೊತೆ ಕೂತು ‘ನೀನೇನು ಹೇಳುತ್ತೀಯ’ ಎಂದು ಮಾತು ಹೊಂದಿಸುವುದು ಬೇಡ. ಸಾಕ್ಷಿಯನ್ನು ತಿರುಚಲು ಯತ್ನಿಸಿದಂತೆ ಅದು ಕಾಣಬಹುದು.

ಸಾಕ್ಷ್ಯ ಮುಗಿಸಿ ಹೊರಬಂದ ಕೂಡಲೇ ವಕೀಲರು ನಿಮ್ಮನ್ನು ಮನೆಗೆ ಬಿಡುವುದಿಲ್ಲ. ಹತ್ತಿರದ ಖಾಲಿ ಕೋಣೆಯೊಂದರಲ್ಲಿ ಕೂರಿಸಿಕೊಂಡು, ಯಾವ ಪ್ರಶ್ನೆ ಬಂತು, ಯಾವ ಹಾಳೆ ತೋರಿಸಿದರು, ನೀವೇನು ಹೇಳಿದಿರಿ ಎಂದು ನೆನಪು ಹಸಿಯಾಗಿರುವಾಗಲೇ ಬರೆದುಕೊಳ್ಳುತ್ತಾರೆ. ನಿಮ್ಮ ಮಾತಿನ ಅಧಿಕೃತ ಪ್ರತಿ ಸರ್ಕಾರದ ಬಳಿ ಇರುತ್ತದೆ, ನಿಮ್ಮ ಕೈಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಎರಡನೆಯ ಸಲ ಕರೆ ಬಂದರೆ ನಿಮ್ಮ ಕಡೆಯಲ್ಲಿರುವುದು ಆ ಟಿಪ್ಪಣಿಯಷ್ಟೇ.