ಹಳದಿ ಪೆನ್ನಿಗೆ ಎಷ್ಟು ಬರುತ್ತೆ?

ಒಂದು ಸೆಂಟು ಬರುತ್ತೆ. ಪೆನ್ನಿ ಅಂದರೆ ಅಮೆರಿಕದ ಒಂದು ಸೆಂಟಿನ ಕಂದು ನಾಣ್ಯ, ಹಳದಿಯಾದರೂ ಬೆಲೆ ಅಷ್ಟೇ. ಅವಸರ ಇದ್ದವರು ಇಷ್ಟೇ ಓದಿ ಹೊರಡಬಹುದು.

ನಾನಿರುವುದು ನ್ಯೂಜೆರ್ಸಿಯಲ್ಲಿ, ಹಳೇ ನಾಣ್ಯ ಕೂಡಿಡುವ ಹುಚ್ಚಿದೆ. ಅದು ನಾಲ್ಕು ಜನರಿಗೆ ಗೊತ್ತಾಗಿದ್ದೇ ತಪ್ಪಾಯಿತು. ಚಿಲ್ಲರೆ ಡಬ್ಬಿಯಲ್ಲಿ ಬಂಗಾರದ ಬಣ್ಣದ ಪೆನ್ನಿ ಸಿಕ್ಕವರೆಲ್ಲ ಫೋಟೊ ಕಳಿಸುತ್ತಾರೆ, ಕೆಳಗೆ 'ಸುಮ್ನೆ ಕೇಳ್ದೆ' ಅಂತ ಬರೆದಿರುತ್ತಾರೆ. ಸುಮ್ನೆ ಕೇಳುವವರು ರಾತ್ರಿ ಹನ್ನೊಂದೂವರೆಗೆ ಕೇಳಲ್ಲ ಸ್ವಾಮಿ.

ಹೋದ ಯುಗಾದಿ ಊಟದಲ್ಲಿ ಒಬ್ಬರು ನನ್ನನ್ನು ಹೋಳಿಗೆ ತಟ್ಟೆಯಿಂದ ಎಬ್ಬಿಸಿ ಪಕ್ಕಕ್ಕೆ ಕರೆದುಕೊಂಡು ಹೋದರು. ಟಿಶ್ಯೂ ಕಾಗದದ ಮಡಿಕೆ ಬಿಚ್ಚಿದರೆ ಒಳಗೆ 1979ರ ಪೆನ್ನಿ, ಹೊಸ ಬಳೆಯ ಹಾಗೆ ಥಳಥಳ. ಚಿನ್ನ ಅಲ್ಲ ಎಂದೆ. ನಂಬಲಿಲ್ಲ. ಆ ಮನೆಯವರ ಅಡಿಗೆಮನೆಯ ತಕ್ಕಡಿ ತರಿಸಿ ಇಟ್ಟೆ: 3 ಗ್ರಾಂ. ಅದೇ ಅಳತೆಯ ಪೆನ್ನಿ ಪೂರ್ತಿ ಚಿನ್ನದ್ದಾಗಿದ್ದರೆ ಆರೂವರೆ ಗ್ರಾಂ ದಾಟಬೇಕು. ಅದಕ್ಕೆ ಅವರು ನಗುತ್ತಲೇ, "ಸರ್, ಕಮ್ಮಿಗೆ ಹೊಡ್ಕೊಳ್ಳೋಣ ಅಂತ ಹೀಗೆ ಹೇಳ್ತಿಲ್ಲ ತಾನೆ?" ಅಂದರು. ನಾನೂ ನಕ್ಕೆ. ಹೋಳಿಗೆ ಆರಿ ಹೋಗಿತ್ತು. ಒಂದು ಸೆಂಟಿನ ನಾಣ್ಯಕ್ಕೆ ನಾನು ಮೋಸ ಮಾಡುವವನಾ? ಇವತ್ತಿಗೂ ಅದು ನೆನಪಾದರೆ ಉರಿಯುತ್ತೆ.

ಸರಿ, ವಿಷಯಕ್ಕೆ ಬರೋಣ. ಕೆಲವಕ್ಕೆ ನಿಜವಾಗಿಯೂ ಚಿನ್ನದ ನೀರು ಹಿಡಿಸಿರುತ್ತಾರೆ, ಉಡುಗೊರೆ ಅಂತ ಮಾರುವುದಕ್ಕೆ. ನಮ್ಮ ಕಡೆಯ ಒಂದು ಗ್ರಾಂ ಗೋಲ್ಡ್ ಬಳೆ ಇದೆಯಲ್ಲ, ಅದಕ್ಕಿಂತಲೂ ಕಮ್ಮಿ ಚಿನ್ನ. ಟಂಕಸಾಲೆ ಬಿಟ್ಟ ಮೇಲೆ ಯಾರೋ ಬಣ್ಣ ಬದಲಿಸಿದ ನಾಣ್ಯ ಸಂಗ್ರಹಕಾರರಿಗೆ ಕೆಟ್ಟುಹೋದ ನಾಣ್ಯ, ಅಷ್ಟೇ.

ಆದರೆ 'ಎಷ್ಟು ಬರುತ್ತೆ' ಅನ್ನುವ ಇಷ್ಟು ಜನರಲ್ಲಿ 'ಇದು ಹಳದಿ ಆಗಿದ್ದು ಹೇಗೆ' ಅಂತ ಕೇಳಿದ್ದು ಒಂದೇ ಒಂದು ಹುಡುಗಿ, ಅದೇ ಯುಗಾದಿ ಊಟದಲ್ಲಿ, ಬಾಯಲ್ಲಿ ಕೋಸಂಬರಿ ಇಟ್ಟುಕೊಂಡು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಇಲ್ಲಿನ ಶಾಲೆಗಳ ಲ್ಯಾಬಿನಲ್ಲಿ ಒಂದು ಪ್ರಯೋಗ ಮಾಡಿಸುತ್ತಾರೆ. ಪೆನ್ನಿಯನ್ನು ಸತುವಿನ ಪುಡಿ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕಾಯಿಸಿದರೆ ಮೈಮೇಲೆ ಸತು ಕೂತು ಬೆಳ್ಳಿ ಥರ ಆಗುತ್ತೆ. ತೊಳೆದು ಬೆಂಕಿಗೆ ಹಿಡಿದರೆ ಆ ಸತು ತಾಮ್ರದೊಳಗೆ ಬೆರೆತು ಕಣ್ಣೆದುರಿಗೇ ಹಳದಿಗೆ ತಿರುಗುತ್ತೆ. ಬೆರೆತದ್ದು ಏನಾಯಿತು? ಹಿತ್ತಾಳೆ! ನಮ್ಮ ದೇವರ ಮನೆಯ ದೀಪದ ಹಿತ್ತಾಳೆ. (ಮನೆಯಲ್ಲಿ ಮಾಡಬೇಡಿ, ಆ ದ್ರಾವಣ ಚರ್ಮ ಸುಡುತ್ತೆ.)

1982ರಲ್ಲಿ ಪೆನ್ನಿಯ ಒಳಗೇ ಬದಲಾಯಿತು. ಅಲ್ಲಿಯವರೆಗಿನ ಬಹುಪಾಲು ಪೆನ್ನಿಗಳಲ್ಲಿ ನೂರಕ್ಕೆ 95 ಭಾಗ ತಾಮ್ರ ಇತ್ತು, ಆಮೇಲಿನದು ಸತುವಿನ ಬಿಲ್ಲೆ, ಮೇಲೆ ತೆಳು ತಾಮ್ರ. ಆ ತಾಮ್ರ ಟಂಕಸಾಲೆಯಲ್ಲೇ ಸರಿಯಾಗಿ ಕೂರದೆ ಹಿತ್ತಾಳೆ ಬಣ್ಣ ಬಂದಿದ್ದರೆ, ಪರಿಣತರು ನೋಡಿ ಹೌದು ಅಂದರೆ, ಒಂದಿಷ್ಟು ಡಾಲರ್ ಸಿಗಬಹುದು. ಒಲೆ ಮೇಲೆ ಬಿದ್ದ ಪೆನ್ನಿಯೂ ಹಾಗೇ ಕಾಣುತ್ತೆ, ಅದೇ ತೊಂದರೆ.

ಲಕ್ಷಾಂತರ ಡಾಲರಿಗೆ ಹೋದ ಪೆನ್ನಿ ಇಲ್ಲವಾ ಅಂತೀರಿ. ಇದೆ. ಯುದ್ಧಕ್ಕೆ ತಾಮ್ರ ಬೇಕಾಗಿ 1943ರಲ್ಲಿ ಉಕ್ಕಿನ ಪೆನ್ನಿ ಹೊಡೆದರು, ಆಗ ತಪ್ಪಿ ಕೆಲವು ತಾಮ್ರದ ಬಿಲ್ಲೆಗಳ ಮೇಲೂ ಅಚ್ಚು ಬಿತ್ತು. ಆ ತಾಮ್ರದವೇ ಅಷ್ಟು ಬೆಲೆಯವು, ಅವುಗಳ ಬಣ್ಣ ಮಾಮೂಲಿ ಕಂದು. ಅಯಸ್ಕಾಂತಕ್ಕೆ ಅಂಟಿದರೆ ನಿಮ್ಮದು ಅದಲ್ಲ.

ಇಷ್ಟಾದ ಮೇಲೂ ತರುವುದಾದರೆ ತನ್ನಿ, ಊಟ ಮುಗಿದ ಮೇಲೆ. ಮೊದಲು ಇಸವಿ ಹೇಳಿ. ಮತ್ತೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಿ ತರಬೇಡಿ.